ಮಾವ ಶಾಂತಮೂರ್ತಿಯಾಗಿರಲಿಲ್ಲ

ಮಾವನ ಬಲ ಮುಂಗೈ ಮೇಲೆ ಒಂದು ಕೂದಲೂ ಇರಲಿಲ್ಲ. ವರ್ಷಗಟ್ಟಲೆ ಒಗ್ಗರಣೆ ಸಿಡಿದು, ಒಲೆಯ ಝಳಕ್ಕೆ ಸುಟ್ಟು ಅದು ಎಳೆ ಮಗುವಿನ ಕೈಯಂತೆ ನುಣ್ಣಗಾಗಿತ್ತು. ಎಡಗೈ ಮಾತ್ರ ಕರಡಿಯದು. ಎರಡನ್ನೂ ಪಕ್ಕಪಕ್ಕ ಇಟ್ಟು, “ಇದು ಆಫೀಸಿಗೆ ದುಡಿದಿದ್ದು, ಇದು ಮನೆಗೆ ದುಡಿದಿದ್ದು” ಎಂದು ತೋರಿಸುತ್ತಿದ್ದರು. ಬಲಗೈ ಎಂದು ಬರೆದೆ. ಅಮ್ಮ ಎಡಗೈ ಎನ್ನುತ್ತಾಳೆ. ಅವಳ ಅಣ್ಣ ಸೌಟು ಹಿಡಿಯುತ್ತಿದ್ದದ್ದು ಎಡಗೈಯಲ್ಲಂತೆ. ಇರಬಹುದು. ಮುಂದೆ ಬರೆಯುವುದರಲ್ಲೂ ಕೆಲವು ವಿವರ ಹೀಗೇ ಅದಲುಬದಲಾಗಿರಬಹುದು. ಒಂದನ್ನು ಬಿಟ್ಟು: ಮಾವ ಶಾಂತಮೂರ್ತಿಯಾಗಿರಲಿಲ್ಲ.

ಹೋದ ವರ್ಷ ಅವರು ತೀರಿಕೊಂಡಾಗ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಗೆಂದು ಬರೆದರು. “ಶಾಂತಮೂರ್ತಿ, ಅಜಾತಶತ್ರು, ಅನ್ನದಾತ.” ಕೆಳಗೆ ಸಾಲಾಗಿ ಮುಗಿದ ಕೈಗಳು. ಅನ್ನದಾತ ಎಂದದ್ದು ಸರಿ. ಉಳಿದೆರಡನ್ನು ನಾನು ಒಪ್ಪುವುದಿಲ್ಲ. ಮಾವ ಜಗಳ ಆಡಿದ್ದರು, ನಮ್ಮೆಲ್ಲರೆದುರು ಆಡಿದ್ದರು, ಮತ್ತು ಅದು ಚಿಕ್ಕಮ್ಮನಿಗಾಗಿ. ಬರುವ ತಿಂಗಳು ಅವರ ಮೊದಲ ವರ್ಷದ ತಿಥಿ. ಆ ದಿನ ಅಡುಗೆಮನೆಯಲ್ಲಿ ಚಿಕ್ಕಮ್ಮ ಇರುತ್ತಾಳೋ ಇಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಜಯನಗರದ ಅವರ ಮನೆಯಲ್ಲಿ ಅಡುಗೆ ಮೊದಲಿನಿಂದಲೂ ಅವರದೇ. ಅತ್ತೆ ಬದುಕಿದ್ದಾಗಲೂ ಕಾಫಿ ಬೆರೆಸುವುದೊಂದೇ ಅತ್ತೆಯ ಪಾಲು. ಮಾವ ಯಾರಿಗೆ ಫೋನು ಮಾಡಿದರೂ “ಊಟ ಆಯ್ತಾ?” ಎಂದು ಕೇಳುತ್ತಿರಲಿಲ್ಲ. “ಏನು ಊಟ?” ಎಂದು ಕೇಳುತ್ತಿದ್ದರು. ಮೊದಲನೆಯದಕ್ಕೆ ಹೂಂ ಎಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದು, ಎರಡನೆಯದಕ್ಕೆ ಆಗುವುದಿಲ್ಲ. ನಾನು ಬಿಟಿಎಂನಲ್ಲಿ ಮನೆ ಮಾಡಿದ ಹೊಸತರಲ್ಲಿ ಒಮ್ಮೆ “ಬ್ರೆಡ್ಡು” ಎಂದುಬಿಟ್ಟೆ. ಒಂದು ಗಂಟೆಯೊಳಗೆ ಸ್ಟೀಲ್ ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿಳಿದರು. “ಜ್ವರ ಬಂದೋರ ಊಟ ಅದು, ನಿಂಗೇನು ಬಂದಿರೋದು?” ಎಂದರು ಬಾಗಿಲಲ್ಲೇ. ಕ್ಯಾರಿಯರಿನಲ್ಲಿ ಅವರೆಕಾಳಿನ ಉಪ್ಪಿಟ್ಟಿತ್ತು. ನನ್ನ ಮಹಡಿಯಲ್ಲಿ ಗದಗಿನ ಕಡೆಯ ಹುಡುಗಿಯರಿದ್ದರು. ಅವರ ಹತ್ತಿರ ರೊಟ್ಟಿ ತಟ್ಟುವುದನ್ನು ಕಲಿಯಲು ಮಾವ ಮೂರು ನಾಲ್ಕು ಭಾನುವಾರ ಬಂದರು. ಪ್ರತಿ ರೊಟ್ಟಿಯೂ ಹರಿದು ಭೂಪಟವಾಗುತ್ತಿತ್ತು. ಹುಡುಗಿಯರು ನಕ್ಕರೆ, “ನಗ್ರಮ್ಮ ನಗ್ರಿ, ನೀವು ನಮ್ಮ ಹುಳಿ ಮಾಡಿ ತೋರ್ಸಿ ನೋಡೋಣ” ಎಂದು ಅದನ್ನೇ ಮುರಿದು ತಿನ್ನುತ್ತಿದ್ದರು.

ಈಗ ಆ ಜಗಳ ನಡೆದ ತಿಥಿಯ ವಿಷಯ. ಆಗ ನಾನು ಎಂ.ಎ. ಓದುತ್ತಿದ್ದೆ. ಅಜ್ಜಿಯ ತಿಥಿಯ ಅಡುಗೆಯನ್ನು ಪ್ರತಿ ವರ್ಷ ಮಾವನೇ ಮಾಡುತ್ತಿದ್ದರು. ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಪಂಚೆಯಲ್ಲಿ, ಮಡಿಯಲ್ಲಿ. ಆ ಅಡುಗೆಗೆ ಎರಡು ಕಟ್ಟಳೆ. ಪಿತೃಗಳಿಗೆ ಬಡಿಸುವ ಮುಂಚೆ ಯಾರೂ ರುಚಿ ನೋಡುವಂತಿಲ್ಲ. ಊಟಕ್ಕೆ ಕೂತ ಬ್ರಾಹ್ಮಣರು ಅಡುಗೆ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಬಾಯಿ ಬಿಡುವಂತಿಲ್ಲ. ನಮ್ಮ ಮನೆಯವರು ಇವಕ್ಕೆ ಮೂರನೆಯದೊಂದನ್ನು ಸೇರಿಸಿದ್ದರು. ಚಿಕ್ಕಮ್ಮ, ಅಂದರೆ ಅಜ್ಜಿಯ ಕಿರಿಯ ಮಗಳು, ಒಳಗೆ ಬರುವಂತಿಲ್ಲ. ಅವಳು ನಮ್ಮವರಲ್ಲದವರನ್ನು ಮದುವೆಯಾಗಿದ್ದಳು. ಪ್ರತಿ ವರ್ಷ ಇಟ್ಟಮಡುವಿನಿಂದ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದು, ಮುಂದಿನ ಕೋಣೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕೊನೆಯ ಪಂಕ್ತಿಯಲ್ಲಿ ಉಂಡು ಹೋಗುತ್ತಿದ್ದಳು. ಹಾಗೆಂದು ಯಾರೂ ಅವಳಿಗೆ ಬಾಯಿಬಿಟ್ಟು ಹೇಳಿರಲಿಲ್ಲ.

ಆ ವರ್ಷ ಮಾವ ಅಡುಗೆಮನೆಯಿಂದ ಹೊರಗೆ ಬಂದರು. ಪಂಚೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

“ಏನೇ, ಗೆಸ್ಟಾ ನೀನು? ಏಳು. ಸ್ನಾನ ಮಾಡ್ಕೊಂಡು ಬಾ. ಕೂಟು ತಳ ಹತ್ತತ್ತೆ.”

“ಸುಮ್ನಿರೋ ಅಣ್ಣ. ಜನ ಇದಾರೆ.”

“ಜನ ಬಂದಿರೋದು ಊಟಕ್ಕೆ. ಅಡುಗೆ ಮಾಡೋದು ನಾವು.”

ಚಿಕ್ಕಮ್ಮ ಒಮ್ಮೆ ಅಮ್ಮನ ಮುಖ ನೋಡಿದಳು. ಅಮ್ಮ ಎದ್ದು ಹೋಗಿ ಟವೆಲು ತಂದುಕೊಟ್ಟಳು. ಸ್ವಲ್ಪ ಹೊತ್ತಿಗೆ ಚಿಕ್ಕಮ್ಮ ಒದ್ದೆ ಸೀರೆಯಲ್ಲಿ ಒಲೆಯ ಮುಂದಿದ್ದಳು.

ಪುರೋಹಿತರು ದರ್ಭೆ ಕೆಳಗಿಟ್ಟರು. “ಯಜಮಾನ್ರೇ, ಇದು ಆಗೋದಿಲ್ಲ. ಮಡಿ ಕೆಟ್ಟಹಾಗಾಯ್ತು.”

“ಸ್ವಾಮಿ, ಹೋಗಿರೋದು ನಮ್ಮಮ್ಮ. ಮಗಳ ಕೈ ಊಟ ಬೇಡ ಅಂತ ನಿಮ್ಮ ಕನಸಲ್ಲಿ ಬಂದು ಹೇಳಿದ್ಲಾ?”

“ಶಾಸ್ತ್ರ ಅಂತ ಒಂದಿದೆಯಲ್ಲ.”

“ಇದೆ. ನೀವು ಎದ್ದು ಹೋದ್ರೆ ಎಲೆ ಹಾಕಿ ನಾನೇ ಬಡಿಸ್ತೀನಿ. ನಮ್ಮಮ್ಮಂಗೆ ಮಂತ್ರಕ್ಕಿಂತ ಕೂಟು ಇಷ್ಟ.”

ಪುರೋಹಿತರು ಎದ್ದು ಬಾಗಿಲ ತನಕ ಹೋಗಿ ಚಪ್ಪಲಿ ಮೆಟ್ಟಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಅಮ್ಮ ಹೇಳುವುದೇ ಬೇರೆ: ಅವರಿಗೆ ಫೋನು ಬಂತು, ಮಾತಾಡಲು ಹೊರಗೆ ಹೋದರು, ಅಷ್ಟೆ. ನಾನು ನಾಟಕವಾಗಲಿ ಎಂದು ಚಪ್ಪಲಿ ಸೇರಿಸಿಕೊಂಡೆನೋ, ಅಮ್ಮ ನಾಟಕ ಬೇಡವೆಂದು ಫೋನು ಸೇರಿಸಿಕೊಂಡಳೋ, ಗೊತ್ತಿಲ್ಲ. ಅವರು ಮರಳಿ ಬಂದು ಊಟಕ್ಕೆ ಕೂತರು. ಇದರಲ್ಲಿ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ.

ಬಾಳೆಕಾಯಿ ಕೂಟಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಒಲೆಯ ಮುಂದೆ ಇಬ್ಬರು, ರುಚಿ ನೋಡುವಂತಿಲ್ಲ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಾಗಿಲ್ಲ. ಮೊದಲ ತುತ್ತಿಗೆ ಪುರೋಹಿತರ ಹುಬ್ಬು ಮೇಲೇರಿತು. ಆದರೆ ಅವರೂ ಬಾಯಿ ಬಿಡುವಂತಿಲ್ಲ. ಎರಡು ಲೋಟ ನೀರು ಕುಡಿದು, ಪಾಯಸಕ್ಕೆ ಮಾತ್ರ ಕೈಸನ್ನೆ ಮಾಡಿದರು. ನಾನು ನಗು ತಡೆಯಲಾರದೆ ಹಿತ್ತಲಿಗೆ ಓಡಿದೆ.

ಅವರು ಕೈ ತೊಳೆದು ಹೊರಟ ಮೇಲೆ ಅಜ್ಜಿಯ ತಂಗಿ, ಅಷ್ಟು ಹೊತ್ತು ಮೂಲೆಯಲ್ಲಿ ಕೂತಿದ್ದವರು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ನೋಡಿದ್ರಾ? ಕೈ ಸೋಕ್ತು, ಕೂಟು ಹೋಯ್ತು.”

ಚಿಕ್ಕಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

“ಉಪ್ಪು ಹಾಕಿದ್ದು ನಾನು,” ಎಂದರು ಮಾವ. “ಎರಡು ಸಲ ಹಾಕ್ದೆ. ವಯಸ್ಸಾಯ್ತು. ಏನೀಗ?” ಆಮೇಲೆ ತಂಗಿಯನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು, ಎಲೆಯ ತುಂಬ ಕೂಟು ಹಾಕಿಸಿಕೊಂಡು ಉಂಡರು. “ಇನ್ನೊಂದು ಸೌಟು ಹಾಕೇ,” ಎಂದು ನನ್ನನ್ನೇ ಕರೆದರು. ಅವರಿಗೆ ಆಗಲೇ ಬಿ.ಪಿ. ಇತ್ತು.

ಎರಡನೆಯ ಸಲ ಉಪ್ಪು ಹಾಕಿದ್ದು ಯಾರೆಂದು ನನಗೆ ಇವತ್ತಿಗೂ ತಿಳಿಯದು. ಚಿಕ್ಕಮ್ಮ ತಾನು ಡಬ್ಬಿ ಮುಟ್ಟಲೇ ಇಲ್ಲ ಎನ್ನುತ್ತಾಳೆ. ಅದು ನಿಜವಲ್ಲವೆಂದು ಅಮ್ಮ ಕಣ್ಣಿನಲ್ಲೇ ಹೇಳುತ್ತಾಳೆ. ತಿಳಿಯುವ ಆಸೆಯೂ ನನಗೀಗ ಇಲ್ಲ.

ಮುಂದಿನ ವರ್ಷದಿಂದ ಚಿಕ್ಕಮ್ಮ ಬೆಳಗಿನ ಮೊದಲ ಬಸ್ಸಿಗೇ ಬರತೊಡಗಿದಳು. ಅಜ್ಜಿಯ ತಂಗಿಯ ಮನೆಯವರು ಬರುವುದನ್ನು ನಿಲ್ಲಿಸಿದರು. ಅವರ ಹಿಂದೆ ಇನ್ನೊಂದು ಮನೆಯವರೂ. ಮಾವನಿಗೆ ಅದು ನೋಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನೆ ತುಂಬ ಜನ ಕೂತು ಉಣ್ಣುವುದಕ್ಕಿಂತ ದೊಡ್ಡ ಸುಖ ಅವರಿಗೆ ಗೊತ್ತಿರಲಿಲ್ಲ. ಹಬ್ಬದ ದಿನ ಆ ಎರಡು ಮನೆಗೂ ಫೋನು ಮಾಡಿ “ಏನು ಊಟ ಇವತ್ತು?” ಎಂದು ಕೇಳುತ್ತಿದ್ದರು. ಅತ್ತ ಕಡೆಯವರು ಫೋನು ಇಟ್ಟುಬಿಡುತ್ತಿದ್ದರು. “ಒಬ್ಬಟ್ಟಿರಬೇಕು. ಬಾಯ್ತುಂಬ ಇಟ್ಕೊಂಡಿದಾರೆ, ಮಾತು ಬರ್ತಿಲ್ಲ,” ಎನ್ನುತ್ತಿದ್ದರು ಮಾವ. ಆದರೆ ಅವರನ್ನು ಮರಳಿ ಕರೆಸಿಕೊಳ್ಳಲು ಚಿಕ್ಕಮ್ಮನನ್ನು ಕುರ್ಚಿಗೆ ಕಳಿಸಲಿಲ್ಲ.

ಕೊನೆಯ ವಾರ ಆಸ್ಪತ್ರೆಯಲ್ಲಿದ್ದರು. ನಾನು ಹೋದಾಗ ನರ್ಸಿನೊಂದಿಗೆ ವಾದ ನಡೆದಿತ್ತು.

“ಈ ಉಪ್ಪಿಟ್ಟಿನ ರವೆ ಹುರಿದೇ ಇಲ್ಲ ಕಣಮ್ಮ.”

“ಅಂಕಲ್, ಸುಮ್ನೆ ತಿನ್ನಿ, ಮಾತ್ರೆ ಕೊಡ್ಬೇಕು.”

“ತಿಂತೀನಿ. ಹುರಿದಿಲ್ಲ ಅಂತ ಒಪ್ಕೋ, ತಿಂತೀನಿ.”

ಆಕೆ ಒಪ್ಪಿಕೊಂಡಳು. ಮಾವ ತಿಂದರು. ಎರಡು ದಿನದ ನಂತರ ಹೋಗಿಬಿಟ್ಟರು.

ಈಗ ಮಾವನ ಮಗ ತಿಥಿಯನ್ನು ಮಠವೊಂದರಲ್ಲಿ ಮಾಡುವುದೆಂದು ನಿಶ್ಚಯಿಸಿದ್ದಾನೆ. ಕೆಟ್ಟವನಲ್ಲ, ನಾವಿಬ್ಬರೂ ಒಟ್ಟಿಗೇ ಬೆಳೆದವರು. “ಅಲ್ಲಿ ಎಲ್ಲ ಅರೇಂಜ್ಮೆಂಟ್ ಇರತ್ತೆ ಕಣೇ. ಹೋಗಿ ಕೂತ್ಕೊಂಡ್ರೆ ಆಯ್ತು. ಎಲ್ಲರೂ ಬರ್ತಾರಂತೆ ಈ ಸಲ, ಆ ಎರಡು ಮನೆಯವರೂನೂ,” ಎಂದ. ಯಾಕೆ ಬರುತ್ತಾರೆ ಎಂದು ನನಗೆ ಗೊತ್ತು. ಮಠದ ಅಡುಗೆಮನೆಗೆ ಚಿಕ್ಕಮ್ಮ ಕಾಲಿಡುವ ಪ್ರಶ್ನೆಯೇ ಇಲ್ಲ. ಯಾರೂ ಅವಳನ್ನು ಹೊರಗಿಟ್ಟಂತೆ ಕಾಣುವುದೂ ಇಲ್ಲ. ಶಾಂತಮೂರ್ತಿಯ ತಿಥಿ ಶಾಂತವಾಗಿ ಮುಗಿದುಹೋಗುತ್ತದೆ.

ಚಿಕ್ಕಮ್ಮನಿಗೆ ಫೋನು ಮಾಡಿದೆ. “ಬೇಡ ಬಿಡೇ, ನನ್ನಿಂದ ಮತ್ತೆ ಗಲಾಟೆ ಯಾಕೆ? ಇಲ್ಲೇ ಮನೇಲಿ ಒಂದಿಷ್ಟು ಪಾಯಸ ಮಾಡಿ ಕಾಗೆಗಿಡ್ತೀನಿ,” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ತಿಥಿ ಮಾಡಬೇಕಾದವನು ಮಗ, ನಾನಲ್ಲ. ಆದರೂ ಮೊನ್ನೆ ಅವನಿಗೆ ಬರೆದೆ, ಗುಂಪಿನಲ್ಲಿ, ಎಲ್ಲರೂ ನೋಡುವ ಹಾಗೆ: “ತಿಥಿ ನಮ್ಮನೇಲಿ ಇಟ್ಕೊಳ್ಳೋಣ. ಪುರೋಹಿತರನ್ನ ನಾನು ಹುಡುಕ್ತೀನಿ. ಅಡುಗೆ ಚಿಕ್ಕಮ್ಮ ಮಾಡ್ತಾಳೆ. ನಿಮ್ಮಪ್ಪನ ಎಲೆಗೆ ಅವಳು ಬಡಿಸಿದ್ರೆ ನೀನು ಬಂದು ಕೂತ್ಕೋತೀಯಾ, ಇಲ್ವಾ?”

ಎಲ್ಲರೂ ಓದಿದ್ದಾರೆ. ಅವನೂ ಓದಿದ್ದಾನೆ. ಇನ್ನೂ ಉತ್ತರ ಬಂದಿಲ್ಲ.