ಮಾವನ ಹಸು ಮತ್ತು ನನ್ನ ಲೆನ್ಸು

ಗೆಳೆಯರೇ, ಹೊಸ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಂಡವರು ನೆಂಟರ ಮನೆಗೆ ಹೋಗಬೇಡಿ.

ಇವತ್ತು ಮಾದಿಹಳ್ಳಿಯಲ್ಲಿ ನಮ್ಮ ಸೋದರಮಾವ ಹೊಸ ಹಸುವಿನ ಮುಂದೆ ಮೀಸೆ ತಿರುವಿ ನಿಂತರು. ಬೀಗರಿಗೆ ತೋರಿಸಲು ಫೋಟೋ ಬೇಕಂತೆ. ನಾನು ಕಲಿತ ವಿದ್ಯೆಯನ್ನೆಲ್ಲ ಖರ್ಚು ಮಾಡಿ, ಅವರ ಮುಖ ಮಾತ್ರ ಸ್ಪಷ್ಟವಾಗಿ, ಹಿಂದಿನದೆಲ್ಲ ಮಬ್ಬಾಗಿ ಬರುವಂತೆ ತೆಗೆದು ಹೆಮ್ಮೆಯಿಂದ ತೋರಿಸಿದೆ.

“ಹಸು ಎಲ್ಲೋ?”

“ಹಿಂದೆ ಮಬ್ಬಾಗಿದೆ ನೋಡಿ ಮಾವ. ಬೇಕಂತ್ಲೇ ಹಂಗೆ ತೆಗೆದೆ.”

“ನನ್ನ ಮುಖ ಬೀಗರು ನೋಡಿಲ್ವೇನ್ಲಾ? ಗಾಜು ಕೊಳೆ ಆಗೈತೆ, ಕೊಡಿಲ್ಲಿ.”

ನಾನು ಅಯ್ಯೋ ಎನ್ನುವಷ್ಟರಲ್ಲಿ ಲೆನ್ಸಿಗೆ ‘ಹಾ’ ಎಂದು ಉಸಿರು ಬಿಟ್ಟು, ಆಗಷ್ಟೇ ಹಸುವಿನ ಮೈ ಒರೆಸಿದ್ದ ಟವಲಿನಿಂದ ಗಸಗಸನೆ ಉಜ್ಜಿದರು.

ಮತ್ತೊಂದು ತೆಗೆದೆ. ಈ ಸಲ ಮಾವನಿಗೂ ಹಸುವಿಗೂ ಯಾವ ಭೇದವೂ ಇಲ್ಲ. ಇಬ್ಬರೂ ಸಮನಾಗಿ ಮಬ್ಬು.