ಜೊಂಡಿನ ಗಂಟಿನ ಆಚೆ

ದಪ್ಲಿಯಾನಳನ್ನು ನಾನು ಮೊದಲು ನೋಡಿದ್ದು ಅವಳ ಊರಿಗೆ ಇಳಿಯುವ ಕಾಲುದಾರಿಯಲ್ಲಿ. ತುದಿಗೆ ಗಂಟು ಹಾಕಿದ ಎರಡು ಜೊಂಡಿನ ಕಡ್ಡಿಗಳನ್ನು ದಾರಿಗೆ ಅಡ್ಡ ನೆಟ್ಟಿದ್ದರು. ಒಳಗಡೆ ಅವಳು ಬರಿಗಾಲಲ್ಲಿ, ಕೆಂಪು ಪಟ್ಟೆಯ ಸುತ್ತುಬಟ್ಟೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಅಡಿಕೆ ಅಗಿಯುತ್ತ ನಿಂತಿದ್ದಳು. ಹೊರಗಡೆ ನಾವು.

ನಾಟಿ ಮುಗಿದು ಊರು ತೆಂಗಾವ್ ಎಂಬ ವ್ರತ ಹಿಡಿದಿತ್ತು. ಗಂಟು ಕೀಳುವವರೆಗೆ ಯಾರೂ ಗದ್ದೆಗಿಳಿಯುವಂತಿಲ್ಲ, ಒಳಗಿನವರು ಹೊರಗೆ, ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ನಾನು ಪಕ್ಕದ ಊರಿನ ಶಾಲೆಗೆ ಹೊಸ ಟೀಚರಾಗಿ ಹೊರಟವಳು. ಗುಡ್ಡ ಕುಸಿದು ನಾವೆಲ್ಲ ಕೂತಿದ್ದ ಬಾಡಿಗೆ ಗಾಡಿ, ಜೀಪ್ನಿ, ನಿಂತಿತ್ತು. ಅದರಲ್ಲೇ ಬಂದಿದ್ದ, ಕೆಳಗಿನ ಬಯಲಿನ ತರಕಾರಿ ವ್ಯಾಪಾರಿ ಇಸಿದ್ರೋನ ಹೆಂಡತಿಗೆ ದಿನ ತುಂಬುವ ಮೊದಲೇ ನೋವು ಶುರುವಾಗಿತ್ತು. ದಾರಿಯುದ್ದಕ್ಕೂ ಅವನು, "ಇಗೊರೊಟರಿಗೆ ಬಾಲ ಇರುತ್ತಂತಲ್ಲ, ನಿಜವಾ?" ಎಂದು ನಕ್ಕಿದ್ದ. ನಾನೂ ಅದೇ ಬೆಟ್ಟದ ಜನ. ಕಿಟಕಿಯತ್ತ ಮುಖ ತಿರುಗಿಸಿದ್ದೆ. ಈಗ ಅವನು ಹೆಂಡತಿಯನ್ನು ತೋಳಲ್ಲಿ ಆತುಕೊಂಡಿದ್ದ.

ಡ್ರೈವರ್ ಕೂಗಿ ಕರೆದಿದ್ದು ಸೂಲಗಿತ್ತಿ ದಪ್ಲಿಯಾನಳನ್ನು. ಹೆಂಗಸನ್ನು ಗಂಟಿನ ಹೊರಗೆ ಟಾರ್ಪಾಲಿನ ಮೇಲೆ ಮಲಗಿಸಿದೆವು.

"ತಂಗೀ, ಹೊಟ್ಟೆ ಮೇಲೆ ಕೈಯಿಟ್ಟು ನೋಡು. ಗಟ್ಟಿಯಾಗಿ ದುಂಡಗೆ ಎಲ್ಲಿ ಸಿಗುತ್ತೆ?" ಗಂಟಿನ ಒಳಗಿನಿಂದಲೇ ದಪ್ಲಿಯಾನ್ ನನ್ನನ್ನು ಕೇಳಿದಳು.

"ಪಕ್ಕದಲ್ಲಿ, ಅಕ್ಕಾ. ಎಡಗಡೆ."

ಅವಳು ಅಡಿಕೆ ಉಗಿದಳು. ಮಗು ಅಡ್ಡ ಬಿದ್ದಿತ್ತು.

ಹಿಂದಿನಿಂದ ಊರ ಹಿರಿಯನಾದ ಅವಳ ಅಣ್ಣ ಕಿಡ್ಲಾಂಗ್ ಗದರಿದ. "ಅಲ್ಲೇ ನಿಲ್ಲು! ದಾಟಿದ್ರೆ ತೆಂಗಾವ್ ಕೆಡುತ್ತೆ. ಇಲಿ ಬಿದ್ದು ಪೈರು ಹೋದ್ರೆ ಊರಿಗೆ ಅನ್ನ ನೀನು ಹಾಕ್ತೀಯಾ?"

"ಹೊಸದಾಗಿ ಹಿಡೀರಿ. ತಪ್ಪಿಗೆ ನನ್ನ ಹಂದಿ ಕಡೀರಿ."

"ಮಗಳ ಮದುವೆಗೆ ಇಟ್ಟಿದ್ದು ಕಣೇ ಅದು!"

"ಗೊತ್ತು. ಸಾಕಿದ್ದು ನಾನೇ."

"ದಾಟಿದ ಮೇಲೆ ಒಳಗೆ ಬಿಡಲ್ಲ."

ಹೆಂಗಸು ಚೀರಿದಳು. ದಪ್ಲಿಯಾನ್ ಗಂಟು ದಾಟಿ ಬಂದಳು.

ಕೈಗೆ ಹಂದಿಕೊಬ್ಬು ಸವರಿಕೊಂಡು, ಒಂದು ನೋವು ಬಂದು ಇನ್ನೊಂದು ಬರುವ ನಡುವೆ ಹೊಟ್ಟೆಯನ್ನು ಒತ್ತಿ ಒತ್ತಿ ಮಗುವನ್ನು ತಿರುಗಿಸಲು ನೋಡಿದಳು. ಮಗು ಜಗ್ಗಲಿಲ್ಲ. ಹೆಂಗಸಿನ ತುಟಿ ಬಿಳಿಚಿಕೊಂಡಿತು. ಇಸಿದ್ರೋ ಕಲ್ಲಿನಂತೆ ನಿಂತಿದ್ದ.

"ಏನು ನೋಡ್ತೀಯಾ? ಬಾಲ ಮನೇಲಿ ಬಿಟ್ಟು ಬಂದಿದ್ದೀನಿ. ಹೋಗಿ ನೀರು ಕಾಯಿಸು!"

ಅವನ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಕೆಳಗಿನವರು ಏನನ್ನುತ್ತಾರೆಂದು ಬೆಟ್ಟದಲ್ಲಿ ಎಲ್ಲರಿಗೂ ಗೊತ್ತು.

ಕೊನೆಗೆ ಅವಳ ಅಂಗೈ ಕೆಳಗೆ ಏನೋ ಜಾರಿದಂತಾಯಿತು. "ಬಂತು, ತಲೆ ಕೆಳಗೆ ಬಂತು" ಎಂದಳು. ಮಗು ನೀಲಿಗಟ್ಟಿ ಹುಟ್ಟಿತು. ಅವಳು ಬೆನ್ನು ತಿಕ್ಕಿದಳು. ಅದು ಅಳುವವರೆಗೆ ತಿಕ್ಕುತ್ತಲೇ ಇದ್ದಳು.

ಇಸಿದ್ರೋ ತಲೆ ತಗ್ಗಿಸಿ ಕೇಳಿದ. "ನಿಮ್ಮ ಜನಾನ ಏನಂತ ಕರೀಬೇಕಮ್ಮಾ?"

"ಇಗೊರೊಟ್ ಅಂತಲೇ ಕರಿ. ಬೆಟ್ಟದವರು ಅಂತ ತಾನೇ? ಬೆಟ್ಟದಲ್ಲೇ ಇದ್ದೀವಿ. ಅದನ್ನ ಬೈಗುಳ ಮಾಡಿದ್ದು ನೀವು."

ಹಂದಿ ಕಡಿದರು. ಊರು ಮತ್ತೆ ತೆಂಗಾವ್ ಹಿಡಿಯಿತು. ಅದು ಮುಗಿಯುವವರೆಗೆ ಅವಳು ರಸ್ತೆಬದಿಯ ತಗಡಿನ ಶೆಡ್ಡಿನಲ್ಲಿ ಮಲಗಿದಳು. ಮಗಳ ಮದುವೆ ಮುಂದಕ್ಕೆ ಹೋಯಿತು.

ಈಗ ತೆಂಗಾವ್ ಸಾರಿದಾಗಲೆಲ್ಲ ಗಂಟು ನೆಡುವ ಮೊದಲೇ ಅವಳು ಚೀಲ ಹಿಡಿದು ಹೊರಬರುತ್ತಾಳೆ. ಒಳಗಿನ ಹೆರಿಗೆಗಳನ್ನು ಮಗಳು ನೋಡಿಕೊಳ್ಳುತ್ತಾಳೆ. ದಪ್ಲಿಯಾನ್ ಆ ಶೆಡ್ಡಿನಲ್ಲಿದ್ದುಕೊಂಡು, ರಸ್ತೆಯಲ್ಲಿ ಬಂದವರಿಗೆ ಹೆರಿಗೆ ಮಾಡಿಸುತ್ತಾಳೆ.