ಉಪ್ಪು ಬಡಿಸಿದವರು

ನನ್ನ ಕಂಪ್ಯೂಟರಿನ ಪಕ್ಕದಲ್ಲಿ ಹಲಸಿನ ಮರದ ಒಂದು ಪುಟ್ಟ ಬಟ್ಟಲಿದೆ. ಎಷ್ಟೋ ವರ್ಷ ಉಪ್ಪು ತುಂಬಿಕೊಂಡಿದ್ದ ಜೀವ ಅದು. ಈಗ ಖಾಲಿಯಾಗಿದ್ದರೂ ಜೂನ್ ತಿಂಗಳು ಬಂತೆಂದರೆ ಮೈಯೆಲ್ಲ ಬೆವರುತ್ತದೆ. ಬಂದವರು ಅದರಲ್ಲಿ ಗುಂಡುಪಿನ್ನು ಹಾಕಲು ಹೋಗುತ್ತಾರೆ, ನಾನು ತಡೆಯುತ್ತೇನೆ. ಇಷ್ಟು ಸಣ್ಣ ಬಟ್ಟಲಿನ ಮೇಲೆ ಇಷ್ಟು ದೊಡ್ಡ ಮಮಕಾರವೇಕೆಂದು ನೀವೂ ಕೇಳಬಹುದು, ಹೇಳುತ್ತೇನೆ.

ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳು. ಶಿರಸಿಯ ಒಂದು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ ನಾನು, ಕನ್ನಡ ಪುಸ್ತಕಗಳ ಪಟ್ಟಿಯಲ್ಲಿ ಬೇಕಾದುದನ್ನು ಕ್ಷಣದಲ್ಲಿ ಹುಡುಕಿಕೊಡುವ ಒಂದು ತಂತ್ರಾಂಶವನ್ನು ಬರೆದು, ಯಾರು ಬೇಕಾದರೂ ಬಳಸಲಿ, ಯಾರು ಬೇಕಾದರೂ ತಿದ್ದಲಿ ಎಂದು ಅಂತರಜಾಲದಲ್ಲಿ ತೆರೆದಿಟ್ಟಿದ್ದೆ. ಸಿದ್ದಾಪುರದಿಂದ ಹಿಡಿದು ಹೆಸರು ಉಚ್ಚರಿಸಲೂ ಬಾರದ ದೂರದೂರುಗಳವರೆಗೆ ಹಲವರು ಮಿಂಚಂಚೆಯಲ್ಲಿ ತಿದ್ದುಪಡಿಗಳನ್ನು ಕಳಿಸತೊಡಗಿದರು. ನನಗೋ ಸಂಭ್ರಮ! ಆದರೆ ಬಂದ ನೆಂಟರ ಕೈಯಲ್ಲಿ ಉಂಡ ಎಲೆ ಎತ್ತಿಸುವುದೂ ಅವಮಾನವೆಂದು ತಿಳಿಯುವ ಸೀಮೆಯಲ್ಲಿ ಬೆಳೆದವಳು ನಾನು. ಪ್ರತಿಯೊಬ್ಬರಿಗೂ ಉದ್ದುದ್ದ ಕೃತಜ್ಞತೆಯ ಪತ್ರ ಬರೆಯುತ್ತಿದ್ದೆ. ಆಮೇಲೆ ಅವರ ತಪ್ಪನ್ನು ಅವರಿಗೇ ಹೇಳಿ ನೋಯಿಸುವುದೇಕೆಂದು, ಅಷ್ಟನ್ನೂ ಸದ್ದಿಲ್ಲದೆ ನಾನೇ ಹೊಸದಾಗಿ ಬರೆದು ಸೇರಿಸುತ್ತಿದ್ದೆ. ಬಂದವರು ನಮಸ್ಕಾರ ಹೇಳಿ ಒಬ್ಬೊಬ್ಬರಾಗಿ ಹೊರಟುಹೋದರು.

ಕೊನೆಗುಳಿದವಳು ಯಲ್ಲಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ವಿಮಲಾ. ಮೂರನೆಯ ಸಲವೂ ಹಾಗೇ ಆದಾಗ ಅವಳ ಪತ್ರ ಬಂತು: “ಅಕ್ಕಾ, ನಿಮ್ಮ ಉಪಚಾರಕ್ಕೆ ಕೊರತೆಯಿಲ್ಲ. ಆದರೆ ನಾನು ಬರೆದ ಒಂದು ಸಾಲೂ ಒಳಗಿಲ್ಲ. ನಾನಿನ್ನು ಬರೆಯುವುದಿಲ್ಲ.” ಓದಿ ಕಣ್ಣು ತುಂಬಿತು, ಸಿಟ್ಟೂ ಬಂತು. ಅವಳೂ ಹೋದರೆ ಈ ತಂತ್ರಾಂಶ ನನ್ನೊಬ್ಬಳ ಹುಚ್ಚಾಗಿ ಉಳಿದು, ನನ್ನ ಕೈ ಸೋತ ದಿನ ತಾನೂ ನಿಂತುಹೋಗುತ್ತದೆಂಬುದು ಗೊತ್ತಿತ್ತು.

ಅದೇ ವಾರ ದೊಡ್ಮನೆಯ ಅತ್ತೆಯ ಮನೆಯಲ್ಲಿ ಉಪನಯನ. ಹೊಸ ಅಳಿಯನ ತಮ್ಮ ಮೊದಲ ಸಲ ಬಂದವನು, ಇಸ್ತ್ರಿ ಮಾಡಿದ ಅಂಗಿ ಮುದುಡದ ಹಾಗೆ ಕುರ್ಚಿಯಲ್ಲಿ ಮರಗಟ್ಟಿ ಕುಳಿತಿದ್ದ. ಎಲೆ ಹಾಕುವ ಹೊತ್ತಿಗೆ ಅತ್ತೆ ನೇರ ಹೋಗಿ ಅವನ ಕೈಗೆ ಉಪ್ಪಿನ ಬಟ್ಟಲು ಕೊಟ್ಟುಬಿಟ್ಟಳು.

“ಅತ್ತೆ, ಅಂವಂಗೆ ಅಭ್ಯಾಸ ಇಲ್ಲೆ, ತಪ್ಪು ಮಾಡ್ತ,” ಎಂದೆ.

“ಮಾಡ್ಲಿ ಬಿಡೇ. ಉಪ್ಪಲ್ಲಿ ತಪ್ಪಾದ್ರೆ ಎಂತ ಆಗ್ತು? ಅದ್ಕೇ ಹೊಸಬಂಗೆ ಉಪ್ಪು ಕೊಡೂದು. ಕುರ್ಚೀಲಿ ಕೂರ್ಸಿಟ್ರೆ ಉಂಡ್ಕಂಡು ಹೋಗ್ತ, ಅಷ್ಟೇಯ. ಕೈಗೊಂದು ಕೆಲ್ಸ ಕೊಟ್ರೆ ಮತ್ತೊಂದ್ಸಲ ಕರಿಯದೇ ಬತ್ತ.”

ಅವನು ಮೊದಲ ಎಲೆಯಲ್ಲೇ ಉಪ್ಪನ್ನು ಬಲಕ್ಕೆ ಹಾಕಿದ. ಮಾವ ಅದನ್ನು ತಾನು ಸರಿಸಲಿಲ್ಲ. “ಎಡಕ್ಕೆ ಹಾಕೋ ಭಾವಾ, ಎಡಕ್ಕೆ,” ಎಂದು ನಗುತ್ತ ಕಾದ. ಅವನೇ ಸರಿಮಾಡಿದ. ಎರಡನೆಯ ಪಂಕ್ತಿಗೆ ಅವನ ಕೈಗೆ ಪಲ್ಯ ಬಂದಿತ್ತು. ಕೊನೆಯ ಪಂಕ್ತಿಯಲ್ಲಿ ಅಂಗಿ ಕಳಚಿಟ್ಟು, ಹೆಗಲಿಗೆ ಟವೆಲ್ಲು ಹಾಕಿಕೊಂಡು, ಬೇಡವೆಂದವರ ಎಲೆಗೂ ಪಾಯಸ ಸುರಿಯುತ್ತಿದ್ದ.

ನಾನು ಊಟ ಮರೆತು ಅವನನ್ನೇ ನೋಡುತ್ತಿದ್ದೆ. ಆದರಿಸುತ್ತಿದ್ದೇನೆಂದು ಭಾವಿಸಿ ನಾನು ತಿದ್ದುಪಡಿ ಕಳಿಸಿದ ಎಲ್ಲರನ್ನೂ ಜಗುಲಿಯಲ್ಲೇ ಕೂರಿಸಿ ಕಳಿಸಿದ್ದೆನಲ್ಲ, ನಾಚಿಕೆಯಾಯಿತು. ಹೊರಡುವಾಗ ಬಟ್ಟಲನ್ನು ಬೇಡಿ ತಂದೆ.

ವಿಮಲಾಳಿಗೆ ಕ್ಷಮಾಪಣೆಯನ್ನು ಒಂದೇ ಸಾಲಿನಲ್ಲಿ ಮುಗಿಸಿ, ಕೆಲಸ ಕೊಟ್ಟೆ: ಹುಡುಕಿದ ಪುಸ್ತಕ ಸಿಗದಿದ್ದಾಗ ಪರದೆ ಸುಮ್ಮನೆ ಖಾಲಿಯಿರುತ್ತದೆ, ಅಲ್ಲಿ ಏನಿರಬೇಕೋ ನೀನೇ ಮಾಡು, ನಾನು ಮುಟ್ಟುವುದಿಲ್ಲ. ಆರನೆಯ ದಿನ ಅವಳ ತಿದ್ದುಪಡಿ ಬಂತು. “ಸಿಗಲಿಲ್ಲ, ಗ್ರಂಥಪಾಲಕರನ್ನು ಕೇಳಿ” ಎಂಬ ಸಾಲು ಚೆನ್ನಾಗಿಯೇ ಇತ್ತು. ಆದರೆ ಪುಸ್ತಕ ಸಿಕ್ಕಾಗಲೂ ಅದೇ ಸಾಲು ಕಾಣುತ್ತಿತ್ತು! ತಿದ್ದಲು ನನ್ನ ಬೆರಳುಗಳು ತುರಿಸಿದ್ದು ಅಷ್ಟಿಷ್ಟಲ್ಲ. ಕೈ ಕಟ್ಟಿ ಕುಳಿತು ಎಲ್ಲಿ ಎಡವಿದೆಯೆಂದು ಬರೆದೆ, ಅಷ್ಟೇ. ಮರುದಿನ ಅವಳೇ ಸರಿಮಾಡಿ ಕಳಿಸಿದಳು. ಅವಳ ಸಾಲು ಅವಳ ಹೆಸರಿನೊಂದಿಗೇ ಒಳಗೆ ಬಂತು.

ಅಂದಿನಿಂದ ತಪ್ಪಿದರೂ ಊಟ ಕೆಡದಂಥ ಸಣ್ಣ ಕೆಲಸಗಳ ಒಂದು ಪಟ್ಟಿಯನ್ನು ಹೊಸಬರಿಗೆಂದೇ ತೆಗೆದಿಟ್ಟೆವು. ಅದಕ್ಕೆ ಉಪ್ಪಿನ ಪಟ್ಟಿಯೆಂದೇ ಹೆಸರಾಯಿತು. ಹೋದವರಲ್ಲಿ ಕೆಲವರು ಮರಳಿದರು, ಹೊಸಬರು ಬಂದರು. ಬನವಾಸಿಯಲ್ಲಿ ಶುಂಠಿ ವ್ಯಾಪಾರದ ನಡುವೆಯೇ ಕೋಡ್ ಬರೆಯುವ ಬಸವರಾಜರು ಒಮ್ಮೆ ಫೋನು ಮಾಡಿ, “ಉಪ್ಪು ಖಾಲಿ ಆಗೇತ್ರಿ ಅಕ್ಕಾರ, ಪಲ್ಯದ ಬುಟ್ಟಿ ಕೊಡ್ರಿ,” ಎಂದು ಗದರಿಸಿದರು.

ಮೊನ್ನೆ ನಾನೊಂದು ತಿದ್ದುಪಡಿ ಬರೆದು ಕಳಿಸಿದೆ. ಈಗ ಒಳಗೆ ಸೇರಿಸುವ ಯಜಮಾನಿಕೆ ವಿಮಲಾಳದು. ಸಂಜೆ ಅವಳ ಫೋನು: “ಅಕ್ಕಾ, ಇದು ಸರಿ ಆಜಿಲ್ಲೆ. ಆನು ಮುಟ್ತ್ನಿಲ್ಲೆ, ನೀನೇ ತಿದ್ದಿ ಕಳ್ಸು.”

ಅಂದು ನಾನು ಅವಳಿಗೆ ಬರೆದಿದ್ದ ‘ಮುಟ್ಟುವುದಿಲ್ಲ’ ಈಗ ಅವಳ ಬಾಯಲ್ಲಿ. ಫೋನಿಟ್ಟು, ಬೆವರಿದ್ದ ಬಟ್ಟಲನ್ನು ಸೆರಗಿನಿಂದ ಒರೆಸಿದೆ. ಮನಸ್ಸು ಹಗುರಾಯಿತು: ನಾನು ಎದ್ದುಹೋದರೂ ಈ ಪಂಕ್ತಿ ನಿಲ್ಲುವುದಿಲ್ಲ. ಆಮೇಲೆ ಕುಳಿತು, ಹೊಸಬಳ ಹಾಗೆ, ನನ್ನ ತಪ್ಪನ್ನು ತಿದ್ದಿದೆ.